ಹಲ್ಲು ಮೂಡುವುದು, ಹಾಲುಹಲ್ಲು ಬೀಳುವುದು, ಹಲ್ಲು ಕಳೆದುಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಹಲ್ಲು ಬಿದ್ದರೆ ಮನೆಮಂದಿಗೆಲ್ಲ ಸಂಭ್ರಮ. ಅದೇ ಮನೆಯಲ್ಲಿ ಐವತ್ತು ದಾಟಿದವರ ಹಲ್ಲು ಅಲ್ಲಾಡಿದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತಾರೆ. ಮೊದಲನೆಯದು ದೇಹ ತಾನಾಗಿ ಮಾಡುವ ಕೆಲಸ, ಎರಡನೆಯದು ಕಾಯಿಲೆ. ಎರಡಕ್ಕೂ ನಾವು "ಹಲ್ಲು ಬಿತ್ತು" ಎಂಬ ಒಂದೇ ಮಾತನ್ನು ಬಳಸುವುದರಿಂದ ಹುಟ್ಟುವ ಗೊಂದಲ ಸಣ್ಣದಲ್ಲ. ಕೆಳಗಿನ ಉತ್ತರಗಳಲ್ಲಿ ಈ ವ್ಯತ್ಯಾಸ ಮತ್ತೆ ಮತ್ತೆ ಬರುತ್ತದೆ.

ಮಗುವಿಗೆ ಮೊದಲ ಹಲ್ಲು ಯಾವಾಗ ಬರುತ್ತದೆ? ಯಾವ ಹಲ್ಲು ಮೊದಲು?

ಹೆಚ್ಚಿನ ಮಕ್ಕಳಿಗೆ 6ರಿಂದ 10 ತಿಂಗಳ ನಡುವೆ ಕೆಳದವಡೆಯ ಮುಂದಿನ ಎರಡು ಬಾಚಿಹಲ್ಲುಗಳು ಕಾಣಿಸಿಕೊಳ್ಳುತ್ತವೆ. 8ರಿಂದ 12 ತಿಂಗಳಲ್ಲಿ ಮೇಲಿನ ಎರಡು, ಆಮೇಲೆ ಅವುಗಳ ಅಕ್ಕಪಕ್ಕದವು. ಅಲ್ಲಿಂದ ಮುಂದೆ ಒಂದು ಜಿಗಿತವಿದೆ: ಕೋರೆಹಲ್ಲಿನ ಜಾಗ ಖಾಲಿ ಇರುವಾಗಲೇ ಅದರ ಹಿಂದಿನ ಮೊದಲ ದವಡೆಹಲ್ಲು 13ರಿಂದ 19 ತಿಂಗಳಲ್ಲಿ ಬಂದುಬಿಡುತ್ತದೆ. ನಡುವಿನ ಹಲ್ಲು ತಪ್ಪಿಹೋಯಿತೇ ಎಂದು ಗಾಬರಿಯಾಗಬೇಡಿ. ಕೋರೆಹಲ್ಲು 16ರಿಂದ 23 ತಿಂಗಳಲ್ಲಿ ಬಂದು ಆ ಜಾಗ ತುಂಬುತ್ತದೆ. ಕೊನೆಯ ದವಡೆಹಲ್ಲುಗಳು 23ರಿಂದ 33 ತಿಂಗಳಲ್ಲಿ. ಮೂರು ವರ್ಷದ ಹೊತ್ತಿಗೆ ಮೇಲೆ ಹತ್ತು, ಕೆಳಗೆ ಹತ್ತು, ಒಟ್ಟು 20 ಹಾಲುಹಲ್ಲುಗಳು.

ನಮಗೆ ಕಾಣುವುದು ಕೊನೆಯ ಹಂತ ಮಾತ್ರ. ಈ ಹಲ್ಲುಗಳ ಮೊಳಕೆ ಗರ್ಭದ ಆರನೇ ವಾರದ ಸುಮಾರಿಗೇ ಶುರುವಾಗಿರುತ್ತದೆ. ನಾಲ್ಕನೇ ತಿಂಗಳಿಗೆ ಅವು ಗಟ್ಟಿಯಾಗತೊಡಗುತ್ತವೆ.

ನಮ್ಮ ಮಗುವಿಗೆ ವರ್ಷ ತುಂಬಿದರೂ ಒಂದೂ ಹಲ್ಲಿಲ್ಲ. ಚಿಂತೆ ಮಾಡಬೇಕೇ?

ವರ್ಷ ತುಂಬಿದಾಗ ಹಲ್ಲು ಇರಲಿ, ಇಲ್ಲದಿರಲಿ, ಒಮ್ಮೆ ದಂತವೈದ್ಯರಿಗೆ ತೋರಿಸುವುದು ಒಳ್ಳೆಯದು. 18 ತಿಂಗಳಾದರೂ ಒಂದೂ ಮೂಡದಿದ್ದರೆ ಕಾರಣ ಹುಡುಕಲೇಬೇಕು. ತಡವಾಗಿ ಬರುವುದು ಬಹಳ ಸಲ ವಂಶದಿಂದ ಬಂದ ಗುಣ. ಅಪ್ಪನಿಗೋ ಅಮ್ಮನಿಗೋ ತಡವಾಗಿತ್ತೇ ಎಂದು ಅಜ್ಜಿಯನ್ನು ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲೂ ಸ್ವಲ್ಪ ನಿಧಾನ. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್ (ಮೂಳೆ ಮೆತ್ತಗಾಗುವ ಕಾಯಿಲೆ), ಡೌನ್ ಸಿಂಡ್ರೋಮ್ ಇರುವಾಗಲೂ ಹಲ್ಲು ತಡವಾಗುತ್ತದೆ. ಆದರೆ ಆಗ ಹಲ್ಲೊಂದೇ ತಡವಾಗುವುದು ಅಪರೂಪ. ಬೆಳವಣಿಗೆಯ ಬೇರೆ ಗುರುತುಗಳೂ ಜೊತೆಗೆ ಕಾಣುತ್ತವೆ.

ಒಂದು ಮಾತು: ಪಕ್ಕದ ಮನೆಯ ಮಗುವಿನ ಜೊತೆ ತಿಂಗಳು ಲೆಕ್ಕ ಹಾಕುವುದಕ್ಕಿಂತ ನಿಮ್ಮ ಮಗುವಿನ ಬಾಯಲ್ಲಿ ಎಡಕ್ಕೂ ಬಲಕ್ಕೂ ಹೊಂದಿಕೆ ಇದೆಯೇ ನೋಡಿ. ಒಂದು ಬದಿಯಲ್ಲಿ ಹಲ್ಲು ಬಂದು ಆರು ತಿಂಗಳು ಕಳೆದರೂ ಇನ್ನೊಂದು ಬದಿಯ ಜೋಡಿ ಹಲ್ಲು ಬಾರದಿದ್ದರೆ ಅದು ತೋರಿಸಬೇಕಾದ ವಿಷಯ. ಶಾಶ್ವತ ಹಲ್ಲುಗಳಿಗೂ ಇದೇ ಲೆಕ್ಕ.

ಮಗುವಿಗೆ ಹುಟ್ಟುವಾಗಲೇ ಹಲ್ಲಿದೆ. ಇದು ಕೆಟ್ಟದ್ದೇ?

ಕೆಟ್ಟದ್ದೇನೂ ಅಲ್ಲ. ಎರಡು ಮೂರು ಸಾವಿರ ಹೆರಿಗೆಗಳಲ್ಲಿ ಒಂದರಲ್ಲಿ ಹೀಗಾಗುತ್ತದೆ. ಹೆಚ್ಚಾಗಿ ಅವು ಮೊದಲೇ ಮೂಡಿದ ನಿಜವಾದ ಹಾಲುಹಲ್ಲುಗಳೇ ಹೊರತು ಹೆಚ್ಚುವರಿ ಹಲ್ಲುಗಳಲ್ಲ, ಆದ್ದರಿಂದ ಆತುರದಲ್ಲಿ ಕೀಳಿಸಬಾರದು. ತೀರಾ ಸಡಿಲವಾಗಿ ಉಸಿರುನಾಳಕ್ಕೆ ಹೋಗುವ ಭಯವಿದ್ದರೆ ತೆಗೆಸಬೇಕಾಗುತ್ತದೆ. ಚೂಪಾದ ಅಂಚು ನಾಲಿಗೆಯ ಅಡಿಗೆ ಉಜ್ಜಿ ಹುಣ್ಣಾಗುತ್ತಿದ್ದರೆ ವೈದ್ಯರು ಮೊದಲು ಅಂಚನ್ನು ನಯ ಮಾಡಿ ನೋಡುತ್ತಾರೆ.

ಹಲ್ಲು ಬರುವಾಗ ಜ್ವರ, ಭೇದಿ ಬರುವುದು ಸಹಜ ಅಲ್ಲವೇ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಹಲ್ಲು ಮೂಡುವಾಗ ಜೊಲ್ಲು ಸುರಿಯುತ್ತದೆ, ವಸಡು ಕೆಂಪಾಗುತ್ತದೆ, ಮಗು ಸಿಕ್ಕಿದ್ದೆಲ್ಲ ಕಚ್ಚುತ್ತದೆ, ಕಿರಿಕಿರಿ ಮಾಡುತ್ತದೆ, ನಿದ್ದೆ ಕೆಡುತ್ತದೆ. ಮೈ ಸ್ವಲ್ಪ ಬೆಚ್ಚಗಾಗಲೂಬಹುದು. ಆದರೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ನೀರುಭೇದಿ, ವಾಂತಿ, ಇವು ಹಲ್ಲಿನಿಂದ ಬರುವಂಥವಲ್ಲ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಆರು ತಿಂಗಳ ಹೊತ್ತಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮಗು ಅಂಬೆಗಾಲಿಡಲು ಶುರುಮಾಡಿ ನೆಲದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಅದೇ ಹೊತ್ತಿಗೆ ಹಲ್ಲೂ ಬರುತ್ತದೆ. ಮೂರೂ ಒಟ್ಟಿಗೆ ನಡೆಯುವುದರಿಂದ ಸೋಂಕಿನ ಅಪವಾದ ಹಲ್ಲಿನ ಮೇಲೆ ಬೀಳುತ್ತದೆ.

ಈ ತಪ್ಪಿಗೆ ಬಹಳ ದೊಡ್ಡ ಬೆಲೆ ತೆತ್ತಿದ್ದೇವೆ. ಯುರೋಪಿನಲ್ಲಿ ನೂರಾರು ವರ್ಷ ವೈದ್ಯರು ಎಳೆಮಕ್ಕಳ ವಸಡನ್ನು ಚಾಕುವಿನಿಂದ ಸೀಳುತ್ತಿದ್ದರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸಾವಿನ ಕಾರಣವೆಂದು "ಹಲ್ಲು ಬರುವುದು" ಎಂದೇ ದಾಖಲಿಸುತ್ತಿದ್ದರು. ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಪುಡಿಗಳಲ್ಲಿ ಪಾದರಸವಿರುತ್ತಿತ್ತು. ಅದರಿಂದ ಮಕ್ಕಳ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ ನೋಯುವ ಕಾಯಿಲೆ ಬರುತ್ತಿತ್ತು. 1950ರ ದಶಕದಲ್ಲಿ ಆ ಪುಡಿಗಳು ಮಾರುಕಟ್ಟೆ ಬಿಟ್ಟ ಮೇಲೆ ಕಾಯಿಲೆಯೂ ಬಹುತೇಕ ಕಾಣೆಯಾಯಿತು. ಇಂದಿಗೂ "ಹಲ್ಲು ಬರುತ್ತಿದೆ, ಸರಿಹೋಗುತ್ತದೆ" ಎಂದು ಕಾಯುತ್ತ ಕೂತಾಗ ಭೇದಿಯಾದ ಮಗುವಿನ ಮೈಯಲ್ಲಿ ನೀರು ಬತ್ತುತ್ತಿರುತ್ತದೆ. ದಯವಿಟ್ಟು ಕಾಯಬೇಡಿ.

ವಸಡಿನ ನೋವಿಗೆ ಏನು ಮಾಡಬಹುದು?

ಕೈ ಚೆನ್ನಾಗಿ ತೊಳೆದು ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ ಉಜ್ಜಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನೋ ತಂಪಾದ (ಹೆಪ್ಪುಗಟ್ಟಿದ್ದಲ್ಲ) ರಬ್ಬರಿನ ಕಚ್ಚುವ ಆಟಿಕೆಯನ್ನೋ ಕೊಡಿ. ಮರಗಟ್ಟಿಸುವ ಜೆಲ್‌ಗಳನ್ನು ಹಚ್ಚಬೇಡಿ. ಅವುಗಳಲ್ಲಿರುವ ಬೆಂಜೋಕೇನ್ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಲೇಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಕುತ್ತಿಗೆಗೆ ಹಾಕುವ ಮಣಿಸರಗಳಿಂದ ನೋವು ಕಡಿಮೆಯಾಗುವುದಿಲ್ಲ. ಅವು ಉರುಳಾಗಬಹುದು, ಮಣಿ ಗಂಟಲಿಗೆ ಸಿಕ್ಕಬಹುದು.

ಹಲ್ಲು ಬರುವ ಜಾಗದಲ್ಲಿ ನೀಲಿ ಗುಳ್ಳೆ ಎದ್ದಿದೆ

ಮೇಲೆ ಬರುತ್ತಿರುವ ಹಲ್ಲಿನ ಸುತ್ತ ನೀರೋ ರಕ್ತವೋ ತುಂಬಿಕೊಂಡಿರುತ್ತದೆ. ಹಲ್ಲು ಹೊರಬಂದ ಕೂಡಲೇ ತಾನಾಗಿ ಒಡೆದುಹೋಗುತ್ತದೆ. ಚುಚ್ಚಬೇಡಿ. ಕೀವು, ಜ್ವರ ಇದ್ದರೆ ಮಾತ್ರ ತೋರಿಸಿ.

ಹೇಗಿದ್ದರೂ ಬಿದ್ದುಹೋಗುವ ಹಾಲುಹಲ್ಲಿನ ಹುಳುಕಿಗೆ ಚಿಕಿತ್ಸೆ ಏಕೆ?

"ಹೇಗಿದ್ದರೂ" ಎಂದರೆ ಯಾವಾಗ? ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ, ನಿಜ. ಹಿಂದಿನ ದವಡೆಹಲ್ಲುಗಳು 10ರಿಂದ 12 ವರ್ಷದವರೆಗೆ ಅಗಿಯುವ ಕೆಲಸ ಮಾಡಬೇಕು. ಮೂರನೇ ವರ್ಷದಲ್ಲಿ ಹುಳುಕು ಹಿಡಿದ ದವಡೆಹಲ್ಲು ಏಳೆಂಟು ವರ್ಷ ಬಾಯಲ್ಲಿರಬೇಕು. ಅಷ್ಟು ಕಾಲ ಮಗು ನೋವು ತಿಂದುಕೊಂಡಿರಬೇಕೇ?

ಹಾಲುಹಲ್ಲಿಗೆ ಇನ್ನೊಂದು ಕೆಲಸವಿದೆ: ತನ್ನ ಕೆಳಗಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಡುವುದು. ದವಡೆಹಲ್ಲನ್ನು ಬೇಗ ಕಳೆದುಕೊಂಡರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗ ತಿಂದುಬಿಡುತ್ತದೆ. ಕೆಳಗಿನಿಂದ ಬರುವ ಹಲ್ಲಿಗೆ ದಾರಿಯೇ ಇಲ್ಲ. ಕೀಳಲೇಬೇಕಾಗಿ ಬಂದರೆ ಜಾಗ ಕಾಯುವ ಸಣ್ಣ ತಂತಿಯ ಸಾಧನವನ್ನು ಹಾಕುತ್ತಾರೆ. ಬೇಕೇ ಎಂದು ನೀವಾಗಿ ಕೇಳಿ. ಇನ್ನು ಹಾಲುಹಲ್ಲಿನ ಬೇರಿನ ಕೀವು ಕೆಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಅನ್ನೂ ಕೆಡಿಸಬಲ್ಲದು.

ಹುಳುಕು ಬಾರದಂತೆ ನೋಡಿಕೊಳ್ಳುವುದು ಮೊದಲ ಹಲ್ಲು ಕಂಡ ದಿನವೇ ಶುರುವಾಗಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಆರರವರೆಗೆ ಬಟಾಣಿ ಕಾಳಿನಷ್ಟು. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಅಭ್ಯಾಸ ಮಾಡಿಸಬೇಡಿ.

ಬಿದ್ದ ಹಾಲುಹಲ್ಲಿಗೆ ಬೇರೇ ಇಲ್ಲ. ಮುರಿದು ಒಳಗೇ ಉಳಿಯಿತೇ?

ಉಳಿದಿಲ್ಲ, ಕರಗಿಹೋಗಿದೆ. ಕೆಳಗಿನ ಶಾಶ್ವತ ಹಲ್ಲು ಮೇಲೇರತೊಡಗಿದಾಗ, ಮೂಳೆ ಕರಗಿಸುವ ಕೋಶಗಳಂಥವೇ ಆದ ಕೋಶಗಳು ಹಾಲುಹಲ್ಲಿನ ಬೇರಿನ ಸುತ್ತ ಸೇರಿ ಅದನ್ನು ತುದಿಯಿಂದ ಕರಗಿಸುತ್ತ ಬರುತ್ತವೆ. ಈ ಕೆಲಸ ಒಂದೇ ಸಮನೆ ನಡೆಯುವುದಿಲ್ಲ. ಕೆಲವು ದಿನ ಕರಗುತ್ತದೆ, ಕೆಲವು ದಿನ ನಿಂತು ಸ್ವಲ್ಪ ರಿಪೇರಿಯೂ ಆಗುತ್ತದೆ. ಅದಕ್ಕೇ ಮೊನ್ನೆ ಅಲ್ಲಾಡುತ್ತಿದ್ದ ಹಲ್ಲು ಇವತ್ತು ಗಟ್ಟಿಯಾದಂತೆ ಅನಿಸುವುದು. ಕೊನೆಗೆ ಬೇರು ಪೂರ್ತಿ ಹೋಗಿ ಹಲ್ಲಿನ ತಲೆ ಮಾತ್ರ ವಸಡಿನ ಆಸರೆಯಲ್ಲಿ ನೇತಾಡುತ್ತದೆ. ಆದ್ದರಿಂದಲೇ ಅದು ಬೀಳುವಾಗ ನೋವೂ ರಕ್ತವೂ ಅಷ್ಟು ಕಡಿಮೆ.

ನನಗೆ ಇದು ದೇಹದ ಅಚ್ಚುಕಟ್ಟಾದ ಕೆಲಸಗಳಲ್ಲೊಂದು ಅನಿಸುತ್ತದೆ. ಬಿದ್ದ ಹಲ್ಲನ್ನು ತಿರುಗಿಸಿ ಒಮ್ಮೆ ನೋಡಿ: ಅಡಿಯಲ್ಲಿ ಟೊಳ್ಳು, ಅಂಚು ಒರಟು. ಹೀಗಿದ್ದರೆ ಎಲ್ಲವೂ ಸರಿಯಾಗಿ ನಡೆದಿದೆ. ಉದ್ದ ಬೇರಿನ ಸಮೇತ ಬಿದ್ದಿದ್ದರೆ ಅದು ಬೇರೆಯೇ ಕಥೆ. ಅದನ್ನು ಮುಂದೆ ಹೇಳಿದ್ದೇನೆ.

ಕೆಳಗೆ ಶಾಶ್ವತ ಹಲ್ಲು ಹುಟ್ಟೇ ಇಲ್ಲದಿದ್ದರೂ ಬೇರು ನಿಧಾನವಾಗಿ ಕರಗಬಹುದು, ಆದರೆ ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಹಾಗಾಗಿ ನಲವತ್ತರ ವಯಸ್ಸಿನಲ್ಲೂ ಹಾಲುಹಲ್ಲು ಇಟ್ಟುಕೊಂಡವರಿದ್ದಾರೆ.

ಯಾವ ಹಲ್ಲು ಯಾವ ವಯಸ್ಸಿಗೆ ಬೀಳುತ್ತದೆ?

ಸುಮಾರಾಗಿ ಬಂದ ಸಾಲಿನಲ್ಲೇ. ನಡುವಿನ ಬಾಚಿಹಲ್ಲುಗಳು 6–7 ವರ್ಷಕ್ಕೆ, ಪಕ್ಕದವು 7–8ಕ್ಕೆ. ಆಮೇಲೆ ಒಂದೆರಡು ವರ್ಷ ವಿರಾಮ. ಈ ಹೊತ್ತಿನಲ್ಲಿ "ಹಲ್ಲು ಬೀಳುವುದು ನಿಂತುಹೋಯಿತು" ಎಂದು ಕೇಳುವವರು ಬಹಳ ಮಂದಿ. ನಿಂತಿಲ್ಲ. ಮೊದಲ ದವಡೆಹಲ್ಲು 9–11ಕ್ಕೆ, ಕೋರೆಹಲ್ಲು 9–12ಕ್ಕೆ, ಎರಡನೇ ದವಡೆಹಲ್ಲು 10–12ಕ್ಕೆ ಬೀಳುತ್ತವೆ. ಹೆಣ್ಣುಮಕ್ಕಳಲ್ಲಿ ಸ್ವಲ್ಪ ಬೇಗ. ಹಲ್ಲು ಬೇಗ ಬಂದ ಮಗುವಿಗೆ ಬೇಗ ಬೀಳುವುದು, ತಡವಾಗಿ ಬಂದ ಮಗುವಿಗೆ ತಡವಾಗುವುದು ಸಾಮಾನ್ಯ.

ಆರು ವರ್ಷದ ಮಗುವಿನ ಬಾಯಿಯ ತೀರಾ ಹಿಂದೆ ಹಲ್ಲೊಂದು ಬಂದಿದೆ. ಅಲ್ಲಿ ಯಾವ ಹಲ್ಲೂ ಬಿದ್ದಿರಲಿಲ್ಲವಲ್ಲ?

ಅದು ಮೊದಲ ಶಾಶ್ವತ ದವಡೆಹಲ್ಲು. 6ರಿಂದ 7 ವರ್ಷದಲ್ಲಿ ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಮನೆಯವರು ಇದನ್ನು ಹಾಲುಹಲ್ಲೆಂದೇ ತಿಳಿದು ಕಡೆಗಣಿಸುತ್ತಾರೆ. ಹುಳುಕು ಹಿಡಿದು ನೋವು ಬಂದ ಮೇಲೆ "ಇದು ಬಿದ್ದು ಹೊಸದು ಬರುತ್ತದಲ್ಲ" ಎಂದು ಕೇಳುತ್ತಾರೆ. ಬರುವುದಿಲ್ಲ. ಬಾಯಿಯ ಅತಿ ಮುಖ್ಯ ಹಲ್ಲು, ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಹಲ್ಲು ಎರಡೂ ಇದೇ.

ಇದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ. ಪೂರ್ತಿ ಮೇಲೇರಲು ತಿಂಗಳುಗಳೇ ಬೇಕು. ಅಷ್ಟು ಕಾಲ ವಸಡಿನ ತುಂಡೊಂದು ಅರ್ಧ ಮುಚ್ಚಿಕೊಂಡು ಅಡಿಯಲ್ಲಿ ತಿಂಡಿ ಸಿಕ್ಕಿಕೊಳ್ಳುತ್ತದೆ. ಮುಂದಿನ ಹಲ್ಲುಗಳಿಗಿಂತ ಗಿಡ್ಡವಾಗಿರುವುದರಿಂದ ಬ್ರಷ್ ಅದನ್ನು ಮುಟ್ಟದೇ ಮೇಲಿಂದ ಹಾದುಹೋಗುತ್ತದೆ. ಬ್ರಷ್ ಅನ್ನು ಅಡ್ಡಲಾಗಿ, ಕೆನ್ನೆಯ ಕಡೆಯಿಂದ ಹಾಕಿ ನೀವೇ ಉಜ್ಜಿಕೊಡಿ. ಹಲ್ಲು ಪೂರ್ತಿ ಬಂದ ಮೇಲೆ ಗೀರುಗಳಿಗೆ ಸೀಲೆಂಟ್ (ಗೀರು ಮುಚ್ಚುವ ತೆಳು ಲೇಪ) ಹಾಕಿಸಬಹುದೇ ಎಂದು ದಂತವೈದ್ಯರನ್ನು ಕೇಳಿ. ಕೊರೆಯುವುದಿಲ್ಲ, ನೋವಿಲ್ಲ.

ಹಾಲುಹಲ್ಲು ಬೀಳುವ ಮೊದಲೇ ಹಿಂದಿನಿಂದ ಹೊಸ ಹಲ್ಲು ಬಂದು ಎರಡು ಸಾಲಾಗಿದೆ

ಕೆಳಗಿನ ಮುಂದಿನ ಹಲ್ಲುಗಳಲ್ಲಿ ಇದು ತುಂಬಾ ಸಾಮಾನ್ಯ. ಹೊಸ ಹಲ್ಲಿನ ಮೊಳಕೆ ಮೊದಲಿಂದಲೂ ನಾಲಿಗೆಯ ಕಡೆಗೇ ಇರುತ್ತದೆ. ಹಾಲುಹಲ್ಲು ಅಲ್ಲಾಡುತ್ತಿದ್ದರೆ ಮಗು ನಾಲಿಗೆಯಿಂದ ಆಡಿಸುತ್ತಿರಲಿ. ಅದು ಬಿದ್ದ ಮೇಲೆ ನಾಲಿಗೆಯ ಒತ್ತಡವೇ ಹೊಸ ಹಲ್ಲನ್ನು ಮುಂದಕ್ಕೆ ದೂಡುತ್ತದೆ. ಹಾಲುಹಲ್ಲು ಕದಲುತ್ತಲೇ ಇಲ್ಲ, ಹೊಸದು ಅರ್ಧ ಬಂದಾಗಿದೆ ಎಂದರೆ ತೋರಿಸಿ. ಮೇಲಿನ ಸಾಲಿನಲ್ಲಿ ಹೀಗಾದರೆ ತಡಮಾಡದೆ ತೋರಿಸಿ, ಅಲ್ಲಿ ಹಲ್ಲು ತಾನಾಗಿ ಸರಿಹೋಗುವುದು ಕಷ್ಟ.

ಹೊಸ ಹಲ್ಲು ಹಳದಿಯಾಗಿದೆ, ಅಂಚು ಗರಗಸದಂತಿದೆ, ನಡುವೆ ಸಂದಿ ಇದೆ

ಮೂರೂ ಸಹಜ. ಶಾಶ್ವತ ಹಲ್ಲಿನ ಒಳಪದರ ದಪ್ಪ, ಅದರ ಹಳದಿ ಬಣ್ಣ ಎನಾಮಲ್ ಮೂಲಕ ಕಾಣುತ್ತದೆ. ಪಕ್ಕದಲ್ಲಿ ಹಾಲಿನಂತೆ ಬಿಳಿಯಾದ ಹಲ್ಲುಗಳಿರುವುದರಿಂದ ಇನ್ನೂ ಎದ್ದು ಕಾಣುತ್ತದೆ. ಗರಗಸದಂಥ ಅಂಚು ಕಚ್ಚಿ ಕಚ್ಚಿ ಸವೆಯುತ್ತದೆ. ಮೇಲಿನ ಎರಡು ಹಲ್ಲುಗಳ ನಡುವಿನ ಸಂದಿ 11–12ರ ಸುಮಾರಿಗೆ ಕೋರೆಹಲ್ಲು ಇಳಿದಾಗ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ತಂತಿ ಹಾಕಿಸಲು ಅವಸರಪಡಬೇಡಿ. ಆದರೆ ಒಂದೇ ಹಲ್ಲಿನ ಮೇಲೆ ಕಂದು ಕಲೆ, ಗುಳಿ ಇದ್ದರೆ ತೋರಿಸಿ.

ಅಲ್ಲಾಡುವ ಹಲ್ಲನ್ನು ದಾರ ಕಟ್ಟಿ ಎಳೆಯಬಹುದೇ?

ಬೇಡ. ಬೇರು ಇನ್ನೂ ಸ್ವಲ್ಪ ಉಳಿದಿದ್ದರೆ ಮುರಿಯುತ್ತದೆ, ವಸಡು ಹರಿಯುತ್ತದೆ, ಮಗು ಮುಂದಿನ ಹಲ್ಲಿಗೆ ಬಾಯಿಯೇ ತೆರೆಯುವುದಿಲ್ಲ. ಎಲ್ಲ ದಿಕ್ಕಿಗೂ ಸಲೀಸಾಗಿ ವಾಲುವಷ್ಟಾದ ಮೇಲೆ ಮಗುವೇ ಶುಭ್ರ ಬಟ್ಟೆಯಲ್ಲಿ ಹಿಡಿದು ತಿರುಗಿಸಿ ತೆಗೆಯಲಿ. ರಕ್ತ ಬಂದರೆ ಹತ್ತು ನಿಮಿಷ ಬಟ್ಟೆ ಕಚ್ಚಿಕೊಂಡರೆ ನಿಲ್ಲುತ್ತದೆ.

ಹಲ್ಲು ಬಿದ್ದು ತಿಂಗಳುಗಳಾದರೂ ಹೊಸದು ಬಂದಿಲ್ಲ

ಆರು ತಿಂಗಳವರೆಗೆ ಕಾಯಬಹುದು. ಅದಕ್ಕೂ ಹೆಚ್ಚಾದರೆ ಒಂದು ಎಕ್ಸ್‌ರೇ ಬಹಳ ಸಂಗತಿ ಹೇಳುತ್ತದೆ: ಹಲ್ಲೇ ಇಲ್ಲವೇ, ಹೆಚ್ಚುವರಿ ಹಲ್ಲೊಂದು ದಾರಿಗೆ ಅಡ್ಡ ಕೂತಿದೆಯೇ, ಜಾಗ ಸಾಲದಾಗಿದೆಯೇ. ಬುದ್ಧಿಹಲ್ಲು ಬಿಟ್ಟರೆ ಹುಟ್ಟದೇ ಇರುವುದು ಹೆಚ್ಚಾಗಿ ಕೆಳಗಿನ ಎರಡನೇ ಮುಂದವಡೆ ಹಲ್ಲು (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವೆ ಬರುವುದು), ಇಲ್ಲವೇ ಮೇಲಿನ ಪಕ್ಕದ ಬಾಚಿಹಲ್ಲು.

ಮೇಲಿನ ಕೋರೆಹಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಬಹಳ ಎತ್ತರದಿಂದ ಇಳಿದು ಬರುವ ಹಲ್ಲು ಅದು, ದಾರಿ ತಪ್ಪುವುದೂ ಹೆಚ್ಚು. ಹತ್ತನೇ ವಯಸ್ಸಿನಲ್ಲಿ ದಂತವೈದ್ಯರು ತುಟಿಯ ಒಳಗೆ ವಸಡಿನ ಮೇಲ್ಭಾಗ ಮುಟ್ಟಿ ಅದರ ಉಬ್ಬು ಸಿಗುತ್ತದೆಯೇ ನೋಡುತ್ತಾರೆ. ಸಿಗದಿದ್ದರೆ, ಆ ವಯಸ್ಸಿನಲ್ಲೇ ಹಾಲು ಕೋರೆಹಲ್ಲನ್ನು ತೆಗೆಸಿದರೆ ಎಷ್ಟೋ ಸಲ ಹೊಸದು ತಾನಾಗಿ ದಾರಿಗೆ ಬರುತ್ತದೆ. ಹದಿನೈದಕ್ಕೆ ಕಂಡುಕೊಂಡರೆ ಶಸ್ತ್ರಚಿಕಿತ್ಸೆ ಮಾಡಿ ಎಳೆದು ತರಬೇಕಾಗುತ್ತದೆ.

ಮೂರು ವರ್ಷದ ಮಗುವಿನ ಹಲ್ಲು ಏಟಿಲ್ಲದೆಯೇ ಬಿತ್ತು

ಇದನ್ನು ಎಂದೂ "ಬೇಗ ಬಿತ್ತು" ಎಂದು ಬಿಡಬಾರದು. ಐದು ತುಂಬುವ ಮೊದಲು, ಏಟೂ ಹುಳುಕೂ ಇಲ್ಲದೆ, ಅದರಲ್ಲೂ ಬೇರಿನ ಸಮೇತ ಹಲ್ಲು ಬಿದ್ದರೆ ಒಳಗಿನ ಕಾಯಿಲೆಯೊಂದು ಮೊದಲು ಬಾಯಲ್ಲಿ ತೋರಿಕೊಂಡಿರಬಹುದು. ಮೂಳೆ, ಹಲ್ಲು ಗಟ್ಟಿಯಾಗದಂತೆ ಮಾಡುವ ಹೈಪೋಫಾಸ್ಫಟೇಸಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಎಷ್ಟೋ ಮಕ್ಕಳಲ್ಲಿ ಹೀಗೇ ಪತ್ತೆಯಾಗುತ್ತದೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಪ್ರಮಾಣ ವಯಸ್ಸಿಗೆ ತಕ್ಕಷ್ಟಿಲ್ಲದೆ ಕಡಿಮೆ ಇರುವುದೇ ಅದರ ಸುಳಿವು. ಬಿಳಿರಕ್ತಕಣಗಳ ಕೊರತೆಯಲ್ಲೂ ಹೀಗಾಗಬಹುದು. ಬಿದ್ದ ಹಲ್ಲನ್ನು ಎಸೆಯಬೇಡಿ, ವೈದ್ಯರಿಗೆ ತೋರಿಸಲು ತೆಗೆದುಕೊಂಡು ಹೋಗಿ.

ಏಟು ಬಿದ್ದು ಹಲ್ಲು ಪೂರ್ತಿ ಕಿತ್ತುಬಂದರೆ?

ಮೊದಲು ತಿಳಿಯಬೇಕಾದದ್ದು ಅದು ಹಾಲುಹಲ್ಲೋ ಶಾಶ್ವತ ಹಲ್ಲೋ ಎಂಬುದು. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು, ಕೆಳಗಿನ ಮೊಳಕೆಗೆ ಪೆಟ್ಟಾಗುತ್ತದೆ.

ಶಾಶ್ವತ ಹಲ್ಲಾದರೆ ಪ್ರತಿ ನಿಮಿಷವೂ ಮುಖ್ಯ. ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಬೇರಿನ ಮೇಲೆ ಅಂಟಿಕೊಂಡ ತೆಳುಪೊರೆಯ ಕೋಶಗಳು ಬದುಕಿದ್ದರೆ ಮಾತ್ರ ಹಲ್ಲು ಮತ್ತೆ ಮೂಳೆಗೆ ಕೂಡಿಕೊಳ್ಳುತ್ತದೆ. ಮಣ್ಣಾಗಿದ್ದರೆ ಹಾಲಿನಲ್ಲಿ ಕ್ಷಣಕಾಲ ಅದ್ದಿ ತೆಗೆದು ಅದೇ ಗುಳಿಗೆ ಅಲ್ಲೇ ಕೂರಿಸಿ, ಬಟ್ಟೆ ಕಚ್ಚಿಸಿ, ದಂತವೈದ್ಯರಲ್ಲಿಗೆ ಓಡಿ. ಕೂರಿಸಲು ಧೈರ್ಯ ಬಾರದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿಕೊಂಡು ಹೋಗಿ. ಹಾಲು ಸಿಗದಿದ್ದರೆ ಗಾಯಗೊಂಡವರ ಜೊಲ್ಲಿನಲ್ಲೇ ಇಡಿ. ಕರವಸ್ತ್ರದಲ್ಲಿ ಸುತ್ತಬೇಡಿ, ನೀರಿನಲ್ಲಿ ನೆನೆಸಿಡಬೇಡಿ. ಒಂದು ಗಂಟೆ ಒಣಗಿದರೆ ಆ ಕೋಶಗಳು ಬಹುತೇಕ ಸತ್ತಿರುತ್ತವೆ. ಹಾಗಾದರೂ ಹಲ್ಲನ್ನು ಎಸೆಯದೆ ಒಯ್ಯಿರಿ. ಪ್ರಜ್ಞೆ ತಪ್ಪಿದ್ದರೆ, ವಾಂತಿಯಾದರೆ ಹಲ್ಲಿಗಿಂತ ಮೊದಲು ಆಸ್ಪತ್ರೆ.

ಬುದ್ಧಿಹಲ್ಲು ಎಲ್ಲರಿಗೂ ಬರುತ್ತದೆಯೇ? ತೆಗೆಸಬೇಕೇ?

17ರಿಂದ 21ರ ನಡುವೆ ಬರುವುದು ವಾಡಿಕೆ, ಕೆಲವರಿಗೆ ಹುಟ್ಟುವುದೇ ಇಲ್ಲ. ನೇರವಾಗಿ ಬಂದು ಬ್ರಷ್‌ಗೆ ಎಟಕುತ್ತಿದ್ದರೆ ಇರಲಿ. ಓರೆಯಾಗಿ ಸಿಕ್ಕಿಕೊಂಡು ಪದೇ ಪದೇ ವಸಡು ಬಾತು, ಬಾಯಿ ತೆರೆಯಲಾಗದಂತಾಗುತ್ತಿದ್ದರೆ, ಪಕ್ಕದ ಹಲ್ಲಿಗೆ ಹುಳುಕು ಹಿಡಿಸುತ್ತಿದ್ದರೆ ತೆಗೆಸುವುದೇ ಸರಿ.

ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜವಲ್ಲವೇ?

ಅಲ್ಲ. ಹಾಲುಹಲ್ಲಿನ ಬೇರು ಕರಗಲು ದೇಹದಲ್ಲೇ ವ್ಯವಸ್ಥೆಯಿದೆ, ಶಾಶ್ವತ ಹಲ್ಲಿಗೆ ಅಂಥ ಯಾವ ವ್ಯವಸ್ಥೆಯೂ ಇಲ್ಲ. ಎಂಬತ್ತು ವರ್ಷದವರ ಹಲ್ಲು ಸಡಿಲವಾಗಿ ಬಿದ್ದರೂ ಅದಕ್ಕೆ ಬೇರು ಇದ್ದೇ ಇರುತ್ತದೆ. ಹೋಗಿರುವುದು ಅದನ್ನು ಹಿಡಿದಿಟ್ಟಿದ್ದ ಮೂಳೆ.

ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಅಂಟುವ ಪದರ ಗಟ್ಟಿಯಾಗಿ, ವಸಡು ಉರಿದು, ಕ್ರಮೇಣ ಅಡಿಯ ಮೂಳೆ ಸವೆಯುತ್ತದೆ. ಈ ಕಾಯಿಲೆ ನೋಯುವುದಿಲ್ಲ, ಅದೇ ಇದರ ಕ್ರೌರ್ಯ. ಹಲ್ಲುಜ್ಜುವಾಗ ರಕ್ತ, ಬಾಯಿವಾಸನೆ, ಹಲ್ಲು ಉದ್ದವಾದಂತೆ ಕಾಣುವುದು, ಹಿಂದೆ ಇಲ್ಲದ ಸಂದಿಗಳು, ಇಷ್ಟೇ ಸುಳಿವು. ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಟ್ಟವರಿಗೆ ಅದು ಇನ್ನೂ ಬೇಗ ಮುಂದುವರಿಯುತ್ತದೆ. ಧೂಮಪಾನಿಗಳಲ್ಲಿ ರಕ್ತ ಅಷ್ಟಾಗಿ ಬಾರದೆ ಕಾಯಿಲೆ ಮುಚ್ಚಿಟ್ಟುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಅಪಾಯ ಹೆಚ್ಚು, ಮತ್ತು ವಸಡಿನ ಉರಿಯೂತ ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ. ಹಲ್ಲು ಸ್ವಲ್ಪ ಅಲ್ಲಾಡುವ ಹಂತದಲ್ಲಿ ಆಳವಾಗಿ ಶುಚಿ ಮಾಡಿಸಿದರೆ ಎಷ್ಟೋ ಹಲ್ಲುಗಳನ್ನು ಉಳಿಸಬಹುದು, ಆದರೆ ಹೋದ ಮೂಳೆ ಬಹುಮಟ್ಟಿಗೆ ಮರಳಿ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ 60 ದಾಟಿದವರಲ್ಲಿ ಶೇ 23ರಷ್ಟು ಮಂದಿಗೆ ಒಂದೂ ಹಲ್ಲು ಉಳಿದಿಲ್ಲ. ಅಂದರೆ ಮುಕ್ಕಾಲು ಪಾಲು ಹಿರಿಯರ ಬಾಯಲ್ಲಿ ಹಲ್ಲು ಇನ್ನೂ ಇದೆ. ಬೊಚ್ಚುಬಾಯಿ ವಯಸ್ಸಿನ ಹಣೆಬರಹವಲ್ಲ.

ಹೆರಿಗೆಗೊಂದು ಹಲ್ಲು ಹೋಗುತ್ತದಂತೆ, ಹೌದೇ?

ಇಲ್ಲ. ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವುದಿಲ್ಲ. ಗರ್ಭಿಣಿಯರಲ್ಲಿ ಹಾರ್ಮೋನುಗಳಿಂದ ವಸಡು ಬೇಗ ಊದಿ ರಕ್ತ ಬರುತ್ತದೆ, ವಾಂತಿಯ ಆಮ್ಲ ಎನಾಮಲ್ ಸವೆಸುತ್ತದೆ. ವಾಂತಿಯಾದ ಕೂಡಲೇ ಉಜ್ಜದೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಗರ್ಭಿಣಿಯಾದಾಗ ದಂತ ಚಿಕಿತ್ಸೆ ಕೂಡದೆಂಬುದೂ ತಪ್ಪು. ಮುಂದೂಡುತ್ತ ಹೋದದ್ದರಿಂದಲೇ ಹಲ್ಲು ಕಳೆದುಕೊಂಡವರಿದ್ದಾರೆ.

ಒಂದೇ ಹಲ್ಲು ತಾನೇ, ಹೋದರೆ ಹಾಗೇ ಬಿಡಬಹುದೇ?

ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನ ಹಲ್ಲು ಆಸರೆಯಿಲ್ಲದೆ ಇಳಿಯುತ್ತ ಬರುತ್ತದೆ. ಹಲ್ಲಿದ್ದ ಜಾಗದ ಮೂಳೆಯ ಅಗಲ ಮೊದಲ ಒಂದು ವರ್ಷದಲ್ಲೇ ಸುಮಾರು ಅರ್ಧದಷ್ಟು ಕುಗ್ಗಬಹುದು. ಕಟ್ಟುಹಲ್ಲು, ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಹಲ್ಲು), ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಲೋಹದ ಬೇರಿನ ಹಲ್ಲು) ಯಾವುದಾದರೂ ಸರಿ, ಮಾತುಕತೆಯನ್ನು ಹಲ್ಲು ಕೀಳಿಸುವ ದಿನವೇ ಶುರುಮಾಡಿ. ಬೆಳೆಯುವ ಮಕ್ಕಳಿಗೆ ಇಂಪ್ಲಾಂಟ್ ಹಾಕುವುದಿಲ್ಲ. ದವಡೆ ಬೆಳೆದಂತೆ ಸುತ್ತಲಿನ ಹಲ್ಲುಗಳು ಜೊತೆಗೆ ಸಾಗುತ್ತವೆ, ಟೈಟೇನಿಯಂ ಬೇರು ಮಾತ್ರ ಇದ್ದಲ್ಲೇ ಉಳಿದು ಹಲ್ಲು ಹೂತಂತಾಗುತ್ತದೆ.

ಮೂರನೇ ಬಾರಿ ಹಲ್ಲು ಹುಟ್ಟಿಸಲು ಆಗುವುದೇ ಇಲ್ಲವೇ?

ಶಾರ್ಕ್, ಮೊಸಳೆಗಳಿಗೆ ಹಲ್ಲು ಮತ್ತೆ ಮತ್ತೆ ಹುಟ್ಟುತ್ತದೆ. ನಮಗೆ ಎರಡೇ ಸರತಿ. ಹಲ್ಲಿನ ಬೆಳವಣಿಗೆಗೆ ತಡೆಹಾಕುವ ಯುಎಸ್‌ಎಜಿ-1 ಎಂಬ ಪ್ರೋಟೀನನ್ನು ಸುಮ್ಮನಾಗಿಸಿದಾಗ ಇಲಿಗಳಲ್ಲಿ ಮತ್ತು ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಗಳಲ್ಲಿ ಹೊಸ ಹಲ್ಲು ಬೆಳೆದದ್ದನ್ನು ಜಪಾನಿನ ವಿಜ್ಞಾನಿಗಳು ತೋರಿಸಿದ್ದಾರೆ. ಆ ಔಷಧವನ್ನು ಮನುಷ್ಯರಲ್ಲಿ ಪರೀಕ್ಷಿಸುವ ಮೊದಲ ಹಂತ 2024ರಲ್ಲಿ ಕ್ಯೋಟೋದಲ್ಲಿ ಶುರುವಾಯಿತು. ಆ ಹಂತದಲ್ಲಿ ನೋಡುವುದು ಔಷಧ ಸುರಕ್ಷಿತವೇ ಎಂಬುದನ್ನಷ್ಟೆ. ಅದು ಗೆದ್ದರೆ ಮೊದಲು ಸಿಗುವುದು ಹುಟ್ಟಿನಿಂದಲೇ ಹಲವು ಹಲ್ಲುಗಳಿಲ್ಲದ ಮಕ್ಕಳಿಗೆ.